ಕಾರು ಯಾವ ದೇಶದ್ದು?

ಈ ಸಲ ರಾಶಿ ಅಡಿಕೆ ಮಾರಿ ಬಂದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಕಾರು ಕೊಳ್ಳುವುದೆಂದು ನನ್ನ ಸೋದರಳಿಯ ನಿಶ್ಚಯಿಸಿದ. ಹರಪನಹಳ್ಳಿ ತಾಲ್ಲೂಕಿನಲ್ಲಿ ಅವನಿಗೆ ಮೂರೆಕರೆ ತೋಟ. ಕೊಳವೆಬಾವಿ ಎರಡು, ನೀರಿರುವುದು ಒಂದರಲ್ಲಿ. ಇಂಥವನಿಗೆ ಕಾರು ಷೋಕಿಯ ವಸ್ತುವಲ್ಲ. ತಾಯಿಯನ್ನು ತಿಂಗಳಿಗೊಮ್ಮೆ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ.

"ಮಾವಾ, ತಗೊಂಡ್ರೆ ನಮ್ಮ ದೇಶದ್ದೇ ತಗೋತೀನಿ. ಪರದೇಶದ ಕಾರಿನ್ಯಾಗ ಕುಂತು ಹೋಗಿ, ಬರ್ಮಾ ಅಡಿಕಿ ಬರಬಾರ್ದು ಅಂತ ಅರ್ಜಿ ಕೊಟ್ರೆ ನಗೋದಿಲ್ಲೇನು?" ಎಂದ.

ಮಾತು ತಳ್ಳಿಹಾಕುವಂಥದ್ದಲ್ಲ. ಹೊರಗಿನ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಸಂತೋಷಪಟ್ಟವರು ನಾವೇ. ನಮ್ಮ ಫಸಲಿಗೆ ಬೇಲಿ ಬೇಕು, ಇನ್ನೊಬ್ಬರ ಫಸಲಿಗೆ ಬೇಡ ಎಂದರೆ ನ್ಯಾಯವಾಗದು. ಆದರೆ ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ದೇಶದ ಕಾರು ಅಂದರೆ ಯಾವುದಪ್ಪಾ?"

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರಿಸಿದ ಸ್ಮಾರಕವಿದೆ. ಆ ಕಾಲದ ಸ್ವದೇಶಿ ಲೆಕ್ಕ ಸರಳವಾಗಿತ್ತು. ಹತ್ತಿ ಹೊಲದ್ದು, ನೂಲು ಮನೆಯದು, ನೇಯ್ದವನು ಊರವನು. ಕಾರು ಹಾಗಲ್ಲ. ಸಾವಿರಾರು ಬಿಡಿಭಾಗ ಸೇರಿ ಆಗುವ ಈ ವಸ್ತುವಿನ ಕುಲಗೋತ್ರ ಕೆದಕಹೊರಟರೆ ತಲೆ ತಿರುಗುತ್ತದೆ.

ಮಂತ್ರಿಗಳಿಂದ ಹಿಡಿದು ಜಿಲ್ಲಾಧಿಕಾರಿಗಳವರೆಗೆ ಎಲ್ಲರೂ ಓಡಾಡಿದ ಅಂಬಾಸಿಡರನ್ನೇ ನೋಡಿ. ಅದಕ್ಕಿಂತ ಭಾರತೀಯವಾದ ಕಾರು ಇನ್ನೊಂದಿಲ್ಲವೆಂದು ನಮ್ಮ ಹಿರಿಯರು ತಿಳಿದಿದ್ದರು. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿಗೆ ನಮ್ಮ ರಾಣಿಯ ಹೆಸರಿದ್ದರೂ ಅದು ಇಟಲಿಯ ಫಿಯೆಟ್ 1100. ಇವೆರಡನ್ನು ಬಿಟ್ಟರೆ ಹೆಚ್ಚಿನ ಆಯ್ಕೆ ಇರಲಿಲ್ಲ; ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅದನ್ನು ದೇಶಪ್ರೇಮ ಎನ್ನಲು ನನಗೆ ಮನಸ್ಸಿಲ್ಲ. ಬೇರೆ ಗತಿ ಇರಲಿಲ್ಲ, ಅಷ್ಟೇ. ಗಿರಾಕಿ ಎಲ್ಲಿಗೂ ಹೋಗಲಾರನೆಂದು ಗೊತ್ತಿದ್ದವರು ಮಾಲು ಸುಧಾರಿಸುವ ಗೋಜಿಗೇಕೆ ಹೋದಾರು? ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯವರು 80 ಕೋಟಿ ರೂಪಾಯಿಗೆ ಕೊಂಡರು!

1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರವಾಯಿತು. ಹೆಸರು ನಮ್ಮ ಹನುಮಂತನದು, ಬಂಡವಾಳದಲ್ಲಿ ಹೆಚ್ಚಿನ ಪಾಲು ಸರ್ಕಾರದ್ದು, ಯಂತ್ರವಿದ್ಯೆ ಜಪಾನಿನ ಸುಜುಕಿಯದು. 2002ರಲ್ಲಿ ಸುಜುಕಿಯೇ ಹೆಚ್ಚಿನ ಪಾಲಿನ ಒಡೆಯನಾಯಿತು; 2007ರಲ್ಲಿ ಸರ್ಕಾರ ಉಳಿದ ಪಾಲನ್ನೂ ಮಾರಿ ಹೊರಬಂತು. ಅತ್ತ 1998ರಲ್ಲಿ ಟಾಟಾದವರು ಇಂಡಿಕಾ ತಂದಾಗ ಇದು ನಮ್ಮದೇ ಕಾರೆಂದು ದೇಶ ಬೀಗಿತು. ಮೈಕಟ್ಟಿನ ವಿನ್ಯಾಸಕ್ಕೆ ಇಟಲಿಯವರ ನೆರವಿತ್ತು. ಅದೇ ಟಾಟಾದವರು 2008ರಲ್ಲಿ ಬ್ರಿಟನ್ನಿನ ಜಾಗ್ವಾರ್ ಮತ್ತು ಲ್ಯಾಂಡ್ ರೋವರನ್ನೇ ಕೊಂಡರು. ಹಾಗಾದರೆ ಲ್ಯಾಂಡ್ ರೋವರ್ ಸ್ವದೇಶಿಯೋ, ವಿದೇಶಿಯೋ? ಅಳಿಯ ಉತ್ತರಿಸದೆ ತಲೆ ಕೆರೆದುಕೊಂಡ.

ದೂರದ ಮಾತೇಕೆ? ಕೂಡ್ಲಿಗಿಯ ನೆರೆಯ ಸಂಡೂರಿನ ಅದಿರು ಹಿಂದೆ ಹಡಗೇರಿ ಜಪಾನಿಗೆ ಹೋಗುತ್ತಿತ್ತು. ಇಲ್ಲಿಯೇ ಉಕ್ಕಾಗಲೆಂದು 1971ರಲ್ಲಿ ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟರು. ಆ ಕಲ್ಲು ಬಹಳ ವರ್ಷ ಕಲ್ಲಾಗಿಯೇ ಉಳಿಯಿತು. ಕಡೆಗೆ ಅಲ್ಲಿ ಕಾರ್ಖಾನೆ ಎಬ್ಬಿಸಿದವರು ಖಾಸಗಿಯವರು, ಜಿಂದಾಲ್. 2010ರಲ್ಲಿ ಜಪಾನಿನ ಜೆಎಫ್ಇ ಕಂಪನಿ ಅದರಲ್ಲಿ ಪಾಲು ಕೊಂಡಿತು. ಕಾರಿನ ಮೈಗೆ ಬೇಕಾದ ತೆಳು ಉಕ್ಕಿನ ಹಾಳೆ ಇಂದು ಅಲ್ಲಿ ತಯಾರಾಗುತ್ತದೆ. ಈಚೆಗೆ ಅದೇ ಜಿಂದಾಲ್ ಬಳಗ ಎಂಜಿ ಕಾರಿನ ಕಂಪನಿಯಲ್ಲೂ ಪಾಲುದಾರ. ಹೆಸರು ಇಂಗ್ಲೆಂಡಿನದು, ಮೂಲ ಒಡೆತನ ಚೀನಾದ್ದು, ಕಾರ್ಖಾನೆ ಗುಜರಾತಿನ ಹಾಲೋಲ್‌ನಲ್ಲಿ, ಪಾಲುದಾರ ನಮ್ಮ ತೋರಣಗಲ್ಲಿನವನು.

ಪರದೇಶದ ಗಿರಾಕಿಯನ್ನು ನಂಬಿ ಕೆಟ್ಟ ಕಥೆಯೂ ನಮ್ಮಲ್ಲಿದೆ. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಗಗನಕ್ಕೇರಿದಾಗ ಹೊಲ ಅಡವಿಟ್ಟು ಲಾರಿ ಕೊಂಡವರು ಎಷ್ಟು ಜನ! 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಲಾರಿಗಳು ಬಿಸಿಲಿಗೆ ಟೈರು ಬಿರಿದು ನಿಂತವು, ಕಂತು ಮಾತ್ರ ನಿಲ್ಲಲಿಲ್ಲ.

ಹಾಗೆಂದು ಬಾಗಿಲು ಮುಚ್ಚುವಂತೆಯೂ ಇಲ್ಲ. ನಮ್ಮ ಪತ್ರಿಕೆಯ ಓದುಗರಲ್ಲಿ ಕಾಫಿ ಬೆಳೆಗಾರರೂ ಇದ್ದಾರೆ. ಅವರ ಬೆಳೆಯ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುವುದು, ಅದರಲ್ಲೂ ಇಟಲಿಗೆ. ಇಟಲಿಯವರು ತಮ್ಮ ದೇಶದ ಕಾಫಿಯನ್ನೇ ಕುಡಿಯುತ್ತೇವೆಂದು ಹಟ ಹಿಡಿದರೆ ಬಿಸಿನೀರು ಕುಡಿಯಬೇಕು, ನಾವು ಚೀಲ ಕಾಯುತ್ತ ಕೂಡಬೇಕು. 2025ರ ಜುಲೈನಲ್ಲಿ ಬ್ರಿಟನ್ನಿನೊಡನೆ ಸಹಿಯಾದ ವ್ಯಾಪಾರ ಒಪ್ಪಂದವನ್ನು ನೋಡಿ: ಅವರ ಕಾರುಗಳಿಗೆ ನಮ್ಮಲ್ಲಿ, ಇಂತಿಷ್ಟು ಸಂಖ್ಯೆಯವರೆಗೆ, ಸುಂಕ ಇಳಿಕೆ, ನಮ್ಮ ಕಾಫಿಗೆ ಅಲ್ಲಿ ಸುಂಕ ವಿನಾಯಿತಿ. ಅಡಿಕೆಯವನಿಗೆ ಗೋಡೆ ಬೇಕು, ಕಾಫಿಯವನಿಗೆ ಬಾಗಿಲು ಬೇಕು. ಒಂದೇ ಸಂಘದ ಜಮಖಾನೆಯ ಮೇಲೆ ಇಬ್ಬರೂ ಕೂಡುತ್ತೇವೆ.

ನನ್ನ ಮಟ್ಟಿಗೆ ಹೇಳುವುದಾದರೆ, ಸಂಬಳ ಎಲ್ಲಿ ಹಂಚಿಕೆಯಾಯಿತು, ಉಕ್ಕು ಟೈರು ಎಲ್ಲಿಯವು ಎಂದು ಮೊದಲು ನೋಡುತ್ತೇನೆ. ಮೂತಿಯ ಮೇಲಿನ ಗುರುತನ್ನು ಆಮೇಲೆ. ಬಿಡದಿಯಲ್ಲೋ ಶ್ರೀಪೆರಂಬುದೂರಿನಲ್ಲೋ ತಯಾರಾದ ಕಾರಿನಲ್ಲಿ ನಮ್ಮ ಹುಡುಗರ ಬೆವರಿದೆ. ಲಾಭದ ಪಾಲು ಜಪಾನಿಗೋ ಕೊರಿಯಾಕ್ಕೋ ಹೋಗುತ್ತದೆಂಬುದೂ ನಿಜ. ಬೆಲೆ, ಬಾಳಿಕೆ, ಭದ್ರತೆ ಸಮನಿದ್ದರೆ ಭಾರತದ ಒಡೆತನದ್ದನ್ನೇ ಕೊಳ್ಳಲಿ. ಸಮನಿಲ್ಲದಿದ್ದರೆ ತಾಯಿಯನ್ನು ಕೂರಿಸಿಕೊಂಡು ಹೋಗುವವನು ಬಾವುಟ ನೋಡಿ ಕೊಳ್ಳಬೇಕಾಗಿಲ್ಲ.

ಅಳಿಯ ಎರಡು ವಾರ ಅಲೆದ. ತೋಟದ ದಾರಿಯ ಕಲ್ಲಿಗೆ ತಳ ತಾಗದಷ್ಟು ಎತ್ತರ, ಹತ್ತಿರದಲ್ಲಿ ರಿಪೇರಿ, ಕಂತಿನ ಭಾರ, ಎಲ್ಲ ಅಳೆದು ಕೊನೆಗೆ ಒಂದಕ್ಕೆ ಮುಂಗಡ ಕಟ್ಟಿದ. ಯಾವುದೆಂದು ಬರೆದರೆ ಜಾಹೀರಾತಾದೀತು. ಅಕ್ಕ ಮಾತ್ರ ಅದರ ದೇಶ ಕೇಳಲಿಲ್ಲ. ಮುಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿದೆಯೇ ಎಂದಳು. ಕೊಟ್ಟೂರೇಶ್ವರನ ತೇರಿನೊಳಗೆ ಗಾಡಿ ಮನೆಗೆ ಬರುತ್ತದೆಯೇ ಎಂದಳು.