ಗುತ್ತಿಗೆ ನೆಲದ ಮನೆಗಳು: ಮುಂಡಗೋಡಿನಿಂದ ಗೋವೆಯವರೆಗೆ

ಮಳೆಗಾಲ ಮುಗಿದೊಡನೆ ಗೋವೆಯ ಕಲಂಗುಟ್, ಬಾಗಾ, ಅಂಜುನಾ ಕಡಲತೀರಗಳಲ್ಲಿ ತೆರೆದುಕೊಳ್ಳುವ ಟಿಬೆಟನ್ ಅಂಗಡಿಗಳ ಹಿಂದೆ, ಆಶ್ರಯ ಬೇಡಿ ಬಂದವರಿಗೆ ಭಾರತವು ನೆಲೆ ಕಲ್ಪಿಸಿದ ದೀರ್ಘ ಇತಿಹಾಸವೊಂದಿದೆ. ನಿರಾಶ್ರಿತರ ರಕ್ಷಣೆಗಾಗಿ ರೂಪುಗೊಂಡ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾಯಿದೆಯನ್ನೂ ಮಾಡಿಲ್ಲ. ಹಾಗಾಗಿ ಇಲ್ಲಿ ಸೂರು ದೊರೆಯುವುದು ಹಕ್ಕಿನ ಬಲದಿಂದಲ್ಲ, ಸರ್ಕಾರಗಳ ಒಪ್ಪಿಗೆಯಿಂದ.

ಆ ಒಪ್ಪಿಗೆಯನ್ನು ಉದಾರವಾಗಿ ಕೊಟ್ಟ ರಾಜ್ಯ ಅಂದಿನ ಮೈಸೂರು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ಮೊದಲು ಬೈಲಕುಪ್ಪೆಯಲ್ಲಿ, ಬಳಿಕ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಗೋವೆಗೆ ಹೊಂದಿಕೊಂಡ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ ಸುಮಾರು 4000 ಎಕರೆ ಅರಣ್ಯಭೂಮಿಯನ್ನು ಬಿಟ್ಟುಕೊಡಲಾಯಿತು. ಡೋಗುಲಿಂಗ್ ಎಂದು ಟಿಬೆಟನ್ನರು ಕರೆಯುವ, ಸುತ್ತಲಿನವರ ಬಾಯಲ್ಲಿ ಬರೀ ‘ಕ್ಯಾಂಪ್’ ಆಗಿರುವ ಈ ನೆಲೆಯಲ್ಲಿ ಮನೆಗಳ ಸಾಲುಗಳಿಗೆ ಸಂಖ್ಯೆಯೇ ಹೆಸರು. ಡ್ರೆಪುಂಗ್ ಮತ್ತು ಗಂಡೆನ್ ಮಠಗಳಿರುವ ಭಾಗ ಮಾತ್ರ ಲಾಮಾ ಕ್ಯಾಂಪ್. ನಿತ್ಯದ ಆಡಳಿತವನ್ನು ಧರ್ಮಶಾಲೆಯ ಟಿಬೆಟನ್ ಆಡಳಿತ ನೇಮಿಸುವ ಅಧಿಕಾರಿ ನೋಡಿಕೊಂಡರೆ, ವಾಸಕ್ಕೆ ಬೇಕಾದ ನೋಂದಣಿ ಪತ್ರ, ಎಂದರೆ ಎಲ್ಲರೂ ‘ಆರ್‌ಸಿ’ ಎನ್ನುವ ಕಾಗದ, ಭಾರತ ಸರ್ಕಾರದ್ದು. ಕೊಯ್ಲಿನ ದಿನಗಳಲ್ಲಿ ಪ್ರಾರ್ಥನೆಯ ಬಾವುಟಗಳ ಕೆಳಗಿನ ಅಂಗಳದಲ್ಲಿ ಗೋವಿನಜೋಳ ಒಣಗುತ್ತಿರುತ್ತದೆ. ಅದನ್ನು ಬೆಳೆಯುವ ಹೊಲಗಳಲ್ಲಿ, ಮಠಗಳ ಕಟ್ಟಡ ಕೆಲಸಗಳಲ್ಲಿ ಆಸುಪಾಸಿನ ಹಳ್ಳಿಗಳ ಕನ್ನಡಿಗರು ಕೂಲಿ ಕಂಡುಕೊಂಡಿದ್ದಾರೆ. ಸ್ವಂತ ನೆಲವಿಲ್ಲದವರು ನಿರಾಶ್ರಿತರ ಹೊಲದಲ್ಲಿ ದುಡಿಯಬೇಕಾದ ಸ್ಥಿತಿ ಅಸಮಾಧಾನವನ್ನೂ ಹುಟ್ಟಿಸಬಲ್ಲದು, ಆ ಅಸಮಾಧಾನವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೂ ಕೂಲಿ, ಸಂತೆ, ವ್ಯಾಪಾರಗಳ ಕೊಡುಕೊಳೆಯೇ ಎರಡೂ ಕಡೆಯವರನ್ನು ಆರು ದಶಕ ಹತ್ತಿರ ಇರಿಸಿದೆ.

ಬೇಸಾಯವೊಂದರಿಂದಲೇ ಬದುಕು ಸಾಗದ್ದರಿಂದ ಕರ್ನಾಟಕದ ಇಂಥ ಕ್ಯಾಂಪುಗಳಿಂದ ಕೆಲವರು ಚಳಿಗಾಲದಲ್ಲಿ ಸ್ವೆಟರ್ ಮಾರಲು ನಗರಗಳಿಗೂ, ಬೆಳ್ಳಿಯ ಒಡವೆ, ಹಸಿರುನೀಲಿ ಕಲ್ಲಿನ ಸರಗಳನ್ನು ಮಾರಲು ಗೋವೆಗೂ ಹೋಗುತ್ತಾರೆ. ಗೋವೆಯಲ್ಲಿ ಅವರಿಗೆ ಕ್ಯಾಂಪ್ ಇಲ್ಲ, ಬಾಡಿಗೆ ಕೋಣೆಯಷ್ಟೆ. ವಿದೇಶಿಯರಿಗಾಗಿ 2019ರಲ್ಲಿ ಆ ರಾಜ್ಯ ಮಾಪುಸಾದಲ್ಲಿ ತೆರೆದದ್ದು ಬಂಧನ ಕೇಂದ್ರ; ವೀಸಾ ಮುಗಿದವರನ್ನು ಗಡೀಪಾರಿನವರೆಗೆ ಇರಿಸುವ ಇಂಥ ಜಾಗಕ್ಕೂ ಆಶ್ರಯದ ಮನೆಗೂ ಇರುವ ಅಂತರ ದೊಡ್ಡದು.

ಆದರೆ ಮುಂಡಗೋಡಿನ ಮನೆಯೂ ಪೂರ್ತಿ ಸ್ವಂತದ್ದಲ್ಲ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷದ ಗುತ್ತಿಗೆ ಪತ್ರಕ್ಕೆ ದಾರಿ ಮಾಡಿತೇ ಹೊರತು ಒಡೆತನಕ್ಕಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಎತ್ತಿಹಿಡಿದರೂ, ಪಾಸ್‌ಪೋರ್ಟ್ ಬಯಸುವವರು ಆರ್‌ಸಿ ಒಪ್ಪಿಸಿ ಕ್ಯಾಂಪನ್ನು ತೊರೆಯಬೇಕೆಂಬ ಶರತ್ತನ್ನು ಕೇಂದ್ರ 2017ರಲ್ಲಿ ಮುಂದಿಟ್ಟಿತು. ಹುಟ್ಟಿ ಬೆಳೆದ ಮನೆಯನ್ನೂ ಹುಟ್ಟಿನಿಂದ ಬಂದ ಪೌರತ್ವವನ್ನೂ ಎದುರುಬದುರು ನಿಲ್ಲಿಸುವ ಈ ಶರತ್ತು ನ್ಯಾಯವೆನಿಸುವುದಿಲ್ಲ. ಗೋವೆಯ ಸೀಸನ್ ಮುಗಿಸಿ ಗಂಟು ಕಟ್ಟಿಕೊಂಡು ಹೊರಡುವ ವ್ಯಾಪಾರಿಗೆ ಮರಳಿ ಹೋಗಲು ಇರುವುದು ಆ ಸಂಖ್ಯೆಯ ಕ್ಯಾಂಪಿನ ಮನೆಯೊಂದೇ.