ಕುರ್ಚಿ ಬಿಟ್ಟುಕೊಟ್ಟವರು ಯಾರು?

ನೀವು ಒಂದು ಕೋಣೆಯಲ್ಲಿ ಸರದಿಗಾಗಿ ಕಾಯುತ್ತಿದ್ದೀರಿ. ಇರುವುದು ಮೂರೇ ಕುರ್ಚಿ, ಮೂರೂ ಭರ್ತಿ. ಊರುಗೋಲು ಹಿಡಿದ ಮಹಿಳೆಯೊಬ್ಬರು ನೋವಿನಿಂದ ಬಂದು ಗೋಡೆಗೆ ಒರಗುತ್ತಾರೆ. ಉಳಿದಿಬ್ಬರು ತಲೆ ಎತ್ತುವುದಿಲ್ಲ. ನೀವು ಏಳುವಿರಾ?

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗವಿದು. (ಕುಳಿತ ಇಬ್ಬರೂ ಆ ಮಹಿಳೆಯೂ ಅವರ ಕಡೆಯವರೇ!) ಭಾಗವಹಿಸಿದ 56 ಮಂದಿಯಲ್ಲಿ ಒಂದು ಗುಂಪು ಮೂರು ವಾರ ಮೊಬೈಲ್ ಫೋನಿನ ನೆರವಿನಿಂದ ‘ಅವಧಾನ’ವನ್ನು ಅಭ್ಯಾಸ ಮಾಡಿತ್ತು. ಅಂದರೆ ಈ ಕ್ಷಣದ ಅನುಭವವನ್ನು ಒಳಿತು ಕೆಡುಕೆಂದು ಎಣಿಸದೆ ಗಮನಿಸುವುದು. ಇನ್ನೊಂದು ಗುಂಪು ಬುದ್ಧಿಯನ್ನು ಚುರುಕುಗೊಳಿಸುವ ಕಸರತ್ತು ಮಾಡಿತ್ತು. ಅವಧಾನದ ಗುಂಪಿನಲ್ಲಿ ಶೇ. 37 ಮಂದಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಬುದ್ಧಿಯ ಗುಂಪಿನಲ್ಲಿ ಶೇ. 14.

ಅವಧಾನದಿಂದ ಪರರ ಮನಸ್ಸು ಹೆಚ್ಚು ಅರ್ಥವಾಯಿತೆ? ಅದೂ ಅಲ್ಲ. ಇತರರ ಭಾವವನ್ನು ಗುರುತಿಸುವ ಪರೀಕ್ಷೆಯಲ್ಲಿ ಎರಡು ಗುಂಪುಗಳೂ ಸರಿಸಮ.

ಒಂದು ಸುಳಿವು 1973ರ ಪ್ರಯೋಗದಲ್ಲಿದೆ. ಡಾರ್ಲಿ ಮತ್ತು ಬ್ಯಾಟ್ಸನ್ ಅವರು ಪ್ರಿನ್ಸ್‌ಟನ್ನಿನ ಧರ್ಮಶಾಸ್ತ್ರ ವಿದ್ಯಾರ್ಥಿಗಳನ್ನು ಭಾಷಣಕ್ಕೆಂದು ಬೇರೆ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತ ಕುಸಿದಿದ್ದ. ಬಿಡುವಿದ್ದವರಲ್ಲಿ ಶೇ. 63 ಮಂದಿ ನೆರವಾದರು. ತಡವಾಯಿತೆಂದು ಧಾವಿಸಿದವರಲ್ಲಿ ಶೇ. 10. ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಬೈಬಲ್ ಕಥೆಯೇ ಕೆಲವರ ಭಾಷಣದ ವಿಷಯವಾಗಿತ್ತೆಂಬುದು ತಮಾಷೆ. ಕರುಣೆಯ ಪಾಠ ತಲೆಯಲ್ಲೇ ಇತ್ತು. ಗಮನ ಗಡಿಯಾರದ ಮೇಲಿತ್ತು.

ಆದರೂ ದುಡುಕಿನ ತೀರ್ಮಾನ ಬೇಡ. 2018ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕ್ರೆಪ್ಲಿನ್ ತಂಡಕ್ಕೆ, ಧ್ಯಾನದಿಂದ ಕರುಣೆ ಹೆಚ್ಚಿದ್ದು ಕಂಡದ್ದು ಎರಡು ಸಂದರ್ಭಗಳಲ್ಲಿ ಮಾತ್ರ: ತರಬೇತುದಾರರೇ ಸಂಶೋಧನೆಯ ಲೇಖಕರೂ ಆಗಿದ್ದಾಗ, ಹೋಲಿಕೆಯ ಗುಂಪಿಗೆ ಯಾವ ತರಬೇತಿಯೂ ಇಲ್ಲದಿದ್ದಾಗ. ಕುರ್ಚಿಯ ಪ್ರಯೋಗದಲ್ಲಿ ಎರಡನೆಯ ಗುಂಪಿಗೂ ತರಬೇತಿಯಿತ್ತು, ನಿಜ. ಆದರೆ 56 ಸಣ್ಣ ಸಂಖ್ಯೆ.