ಅಲೆದಾಡುವ ಲೇಸರಿಗೆ ಕಡಿವಾಣ

ತಂಬೂರಿ ಶ್ರುತಿ ಮಾಡುವವರನ್ನು ನೋಡಿದ್ದೀರಾ? ಬಿರಡೆ ತಿರುಗಿಸುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ತಂತಿ ಏರಿದೆಯೋ ಇಳಿದಿದೆಯೋ ಎಂದು ಕಿವಿ ಹೇಳಿದರೆ ಮಾತ್ರ ಕೈಗೆ ದಾರಿ ಕಾಣುತ್ತದೆ. ಲೇಸರಿಗೂ ಇದೇ ಉಪಚಾರ ಬೇಕು.

ಲೇಸರ್ ಬೆಳಕು ಒಂದೇ ಬಣ್ಣದ್ದು ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಪೂರ್ತಿ ನಿಜವಲ್ಲ. ರುಬಿಡಿಯಂ ಪರಮಾಣುಗಳ ಪ್ರಯೋಗಕ್ಕೆ ಬಳಸುವ 780 ನ್ಯಾನೋಮೀಟರ್ ಬೆಳಕು ಸೆಕೆಂಡಿಗೆ ಸುಮಾರು 384 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಇದರಲ್ಲಿ ಕೇವಲ 60 ಲಕ್ಷದಷ್ಟು ಅಗಲದ ಕಿಂಡಿಯೊಳಗೆ ಬಿದ್ದ ಬೆಳಕಿಗೆ ಮಾತ್ರ ಪರಮಾಣು ಚೆನ್ನಾಗಿ ಓಗೊಡುವುದು. ಲೇಸರ್ ಡಯೋಡಿನ ಉಷ್ಣತೆ ಒಂದು ಡಿಗ್ರಿಯ ನೂರರಲ್ಲೊಂದು ಪಾಲು ಬದಲಾದರೂ ಸಾಕು, ಗುರಿ ತಪ್ಪಿತು!

ಪರಿಹಾರ ಏನು? ಎದುರುಬದುರು ಇಟ್ಟ ಎರಡು ಕನ್ನಡಿಗಳ ನಡುವೆ ಅರ್ಧ ಅಲೆಗಳು ಪೂರ್ಣ ಸಂಖ್ಯೆಯಲ್ಲಿ ಹಿಡಿಸಿದಾಗ ಮಾತ್ರ ಬೆಳಕು ಒಳಗೆ ನೆಲೆಸುತ್ತದೆ. ಇದೇ ಅಳತೆಗೋಲು. ಆದರೆ ಆಚೆ ಬರುವ ಬೆಳಕು ಕಡಿಮೆಯಾಯಿತೆಂದರೆ ಕಂಪನಾಂಕ ಏರಿತೋ ಇಳಿಯಿತೋ ತಿಳಿಯದು. ಎರಡು ಕಡೆಗೂ ಅದು ಒಂದೇ ರೀತಿ ಕುಗ್ಗುತ್ತದೆ. ಮೈಕ್ರೋವೇವ್ ಅಲೆಗಳಿಗಾಗಿ ಪೌಂಡ್ 1946ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದ್ದರು. ರೊನಾಲ್ಡ್ ಡ್ರೆವರ್, ಜಾನ್ ಹಾಲ್ ಮತ್ತು ಸಂಗಡಿಗರು 1983ರಲ್ಲಿ ಅದನ್ನು ಬೆಳಕಿಗೆ ಹೊಂದಿಸಿದರು. ಲೇಸರನ್ನು ರೇಡಿಯೋ ಕಂಪನದಿಂದ ತುಸು ಅಲುಗಿಸಿ, ಕನ್ನಡಿಯಿಂದ ಹಿಂದಿರುಗಿದ ಬೆಳಕನ್ನು ಫೋಟೋಡಯೋಡಿನಲ್ಲಿ ಹಿಡಿದು, ಆ ಸಂಕೇತವನ್ನು ಮೂಲ ರೇಡಿಯೋ ಕಂಪನದೊಡನೆ ಮಿಕ್ಸರಿನಲ್ಲಿ ಬೆರೆಸುವುದು. ಹೊರಬರುವ ವೋಲ್ಟೇಜು ಒಂದು ಕಡೆ ಧನ, ಇನ್ನೊಂದು ಕಡೆ ಋಣ, ಸರಿಯಾದ ತಾಣದಲ್ಲಿ ಸೊನ್ನೆ. ಕಿವಿ ಸಿಕ್ಕಿತಲ್ಲ! 2015ರ ಸೆಪ್ಟೆಂಬರ್ 14ರಂದು ಗುರುತ್ವ ತರಂಗ ಹಿಡಿದ ಅಮೆರಿಕದ ಲೈಗೋದ ಲೇಸರುಗಳಿಗೂ ಇದೇ ಕಡಿವಾಣ.

ತತ್ವ ಇಷ್ಟೇ. ವಿದ್ಯಾರ್ಥಿ ಒದ್ದಾಡುವುದು ವಯರಿನಲ್ಲಿ. ಎಂ.ಎಸ್ಸಿ. ಓದುವ ಮಗ ಕೇಬಲ್ ಜೋಡಿಸುತ್ತಾ ಕೂತಿದ್ದಾನೆಂದು ಹೆತ್ತವರು ಮೂಗು ಮುರಿಯುವುದುಂಟು. ಅವರು ಈ ಲೆಕ್ಕ ನೋಡಲಿ: ಕೇಬಲಿನಲ್ಲಿ ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ಬೇಕು. 20 ಮೆಗಾಹರ್ಟ್ಸ್ ಕಂಪನದ ಒಂದು ಸುತ್ತು 50 ನ್ಯಾನೋಸೆಕೆಂಡ್. ಅಂದರೆ ಮೀಟರಿಗೆ 36 ಡಿಗ್ರಿ ವ್ಯತ್ಯಾಸ. ಸರಿಯಾಗಿ ಕೆಲಸ ಮಾಡುತ್ತಿದ್ದ ಜೋಡಣೆಯಲ್ಲಿ ಎರಡೂವರೆ ಮೀಟರ್ ಹೆಚ್ಚುವರಿ ಕೇಬಲ್ ಸೇರಿಸಿದರೆ 90 ಡಿಗ್ರಿ, ಸಂಕೇತವೇ ಮಾಯ! ಎಲ್ಲ ಉಪಕರಣವೂ ಆರೋಗ್ಯವಾಗಿದ್ದು ರಾತ್ರಿಯಿಡೀ ದೋಷ ಹುಡುಕುವ ಪಾಡು.

ಕೇಬಲಿನ ಕೊನೆಗೆ 50 ಓಮ್ ರೋಧ ಇಲ್ಲದಿದ್ದರೆ ಸಂಕೇತ ಗೋಡೆಗೆಸೆದ ಚೆಂಡಿನಂತೆ ಹಿಂದಿರುಗುತ್ತದೆ. ಎರಡು ಉಪಕರಣಗಳಿಗೆ ಎರಡು ಕಡೆ ಅರ್ತ್ ಕೊಟ್ಟರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡಿತ ಒಳನುಸುಳಬಹುದು. ಚಿಹ್ನೆ ತಲೆಕೆಳಗಾದರಂತೂ ಸರ್ಕ್ಯೂಟು ಲೇಸರನ್ನು ಗುರಿಯಿಂದ ಆಚೆಗೇ ತಳ್ಳುತ್ತದೆ. ಅದು ಕೆಟ್ಟಿಲ್ಲ, ವಿಧೇಯವಾಗಿ ತಪ್ಪು ಮಾಡುತ್ತಿದೆ ಅಷ್ಟೆ.

ಕೊನೆಗೆ ವರ್ಧನೆಯನ್ನು ಮೆಲ್ಲಗೆ ಏರಿಸಬೇಕು. ಅತಿಯಾದರೆ ಸಭೆಯ ಮೈಕಿನಂತೆ ಇಡೀ ವ್ಯವಸ್ಥೆ ಕೂಗಿಕೊಳ್ಳುತ್ತದೆ. ಆಗ ತುಸು ಇಳಿಸಿ. ಆಸಿಲೋಸ್ಕೋಪಿನ ಗೆರೆ ತಣ್ಣಗೆ ಮಲಗುತ್ತದೆ.